ಗ್ರಾಮದೊಳಗೊಬ್ಬ ರಾಮ

ಮಾಸ್ಟ್ರ ಕತೆಗಳಲ್ಲಿ ಒಬ್ಬ ಹುಡುಗನ ಹೆಸರು ಬದಲಾಗಬೇಕಿತ್ತು. ಇಷ್ಟೇ ಕೆಲಸ. ಒಂದು ಭಾನುವಾರ ಪೂರ್ತಿ ಅದರಲ್ಲೇ ಹೋಯಿತು. ಪ್ರೋಗ್ರಾಮಿಂಗ್ ಕಲಿಯೋಕೆ ಶುರು ಮಾಡಿದ ಮೇಲೆ ನನಗೆ ಅಷ್ಟು ಖುಷಿ ಕೊಟ್ಟ ದಿನ ಇನ್ನೊಂದಿಲ್ಲ.

ಮಾಸ್ಟ್ರು ಮುಂಬಯಿ ಪಕ್ಕದ ಡೊಂಬಿವಲಿಯಲ್ಲಿ ನಮ್ಮ ಬಿಲ್ಡಿಂಗಿನವರೇ. ಉಡುಪಿ ಕಡೆಯಿಂದ ಹುಡುಗನಾಗಿದ್ದಾಗ ಬಂದವರು. ಹಗಲು ಹೋಟೆಲಿನಲ್ಲಿ ದುಡಿದು, ಸಂಜೆ ಫೋರ್ಟಿನ ಕನ್ನಡ ರಾತ್ರಿ ಶಾಲೆಯಲ್ಲಿ ಓದಿ, ಮುಂದೆ ಅಂಥದ್ದೇ ಶಾಲೆಯಲ್ಲಿ ಪಾಠ ಹೇಳಿದವರು. ನಿವೃತ್ತಿಯ ನಂತರ ಆ ಹೋಟೆಲ್ ಹುಡುಗರ ಬಗ್ಗೆಯೇ ಕತೆ ಬರೆಯುತ್ತಾ ಬಂದಿದ್ದಾರೆ. ಕೆಲವು ಹಳೆಯ ಫಾಂಟಿನಲ್ಲಿ ಟೈಪಾದವು, ಕೆಲವು ಈಚೆಗೆ ಯೂನಿಕೋಡಿನಲ್ಲಿ, ಅಂದರೆ ಎಲ್ಲಾ ಲಿಪಿಗಳ ಅಕ್ಷರಗಳಿಗೂ ಒಂದೊಂದು ಸಂಕೇತ ಕೊಡುವ ಪದ್ಧತಿಯಲ್ಲಿ. ನಾನು ಒಂದು ಆಫೀಸಿನಲ್ಲಿ ಲೆಕ್ಕಪತ್ರ ನೋಡುವವಳು. ಎಕ್ಸೆಲ್ ಸಾಲದೆ ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಕಲಿಯುತ್ತಿದ್ದೇನೆ. ಆ ವಾರ ಕ್ಲಾಸಿನಲ್ಲಿ ಸ್ಟ್ರಿಂಗ್, ಅಂದರೆ ಕಂಪ್ಯೂಟರಿನೊಳಗೆ ಸಾಲಾಗಿ ಕೂತ ಅಕ್ಷರಗಳ ಪಠ್ಯ, ಅದರ ಪಾಠ ನಡೆದಿತ್ತು. ಒಂದು ಪಠ್ಯದೊಳಗೆ ಬೇಕಾದ ತುಣುಕನ್ನು ಹುಡುಕಿ ಅದರ ಜಾಗದಲ್ಲಿ ಇನ್ನೊಂದನ್ನು ಇಡುವುದು ಹೇಗೆ ಅಂತ ಹೇಳಿಕೊಟ್ಟಿದ್ದರು. ಉದಾಹರಣೆಗಳೆಲ್ಲ ಬೆಕ್ಕು ಹೋಗಿ ನಾಯಿ ಬಂತು ಅನ್ನುವ ಥರದ ಇಂಗ್ಲಿಷ್ ವಾಕ್ಯಗಳು.

ಮಧ್ಯ ರೈಲ್ವೆಯಲ್ಲಿ ಅವತ್ತು ಮೆಗಾಬ್ಲಾಕ್, ಹಳಿ ಕೆಲಸಕ್ಕೆ ರೈಲು ನಿಲ್ಲಿಸುವ ದಿನ. ಎಲ್ಲಿಗೂ ಹೋಗುವ ಹಾಗಿರಲಿಲ್ಲ. ಲ್ಯಾಪ್‌ಟಾಪ್ ಹಿಡಿದು ಮಾಸ್ಟ್ರ ಮನೆಗೆ ಹೋದೆ.

‘ಕತೆಯ ಹುಡುಗನಿಗೆ ರಾಮ ಅಂತ ಇಟ್ಟಿದ್ದೆ. ಅದು ಸರಿ ಕೂರುವುದಿಲ್ಲ ನೋಡಿ. ನಮ್ಮ ಕಾಲದಲ್ಲಿ ಹೋಟೆಲಿಗೆ ಬಂದವನು ಶೀನ ಅಂತಲೇ ಇರಬೇಕು’ ಅಂದರು ಮಾಸ್ಟ್ರು. ಅವರ ಮೊಮ್ಮಗ ಇಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದಾನೆ. ಮನೆಯಲ್ಲಿ ತುಳು, ಹೊರಗೆ ಮರಾಠಿ, ಹಿಂದಿ. ಕನ್ನಡ ಮಾತಾಡುತ್ತಾನೆ, ಓದೋದು ಕಷ್ಟ. ‘ಆಂಟಿ, ಒಂದೇ ಸಾಲು. ರಿಪ್ಲೇಸ್ ಮಾಡಿದ್ರೆ ಆಯ್ತಲ್ವಾ’ ಅಂದ.

ಮಾಡಿದೆವು. ಪೈಥಾನ್‌ನಲ್ಲಿ ಸ್ಟ್ರಿಂಗ್ ಒಮ್ಮೆ ಹುಟ್ಟಿದ ಮೇಲೆ ಬದಲಾಗುವುದಿಲ್ಲ. ರಿಪ್ಲೇಸ್ ಅಂದರೆ ಹೊಸದೊಂದು ಸ್ಟ್ರಿಂಗ್ ಕೈಗೆ ಬರುತ್ತದೆ, ಹಳೆಯದು ಹಾಗೇ ಉಳಿಯುತ್ತದೆ. ಹಾಗಾಗಿ ಮಾಸ್ಟ್ರ ಮೂಲಕ್ಕೆ ಏನೂ ಆಗುವ ಭಯವಿರಲಿಲ್ಲ. ಹೊಸದನ್ನು ಅವರ ಮುಂದಿಟ್ಟೆ. ಕನ್ನಡಕ ಸರಿಮಾಡಿಕೊಂಡು ಓದಿದರು.

‘ಎಂಥದು ಮಾರಾಯ ಇದು, ಗ್ಶೀನ?’

‘ಗ್ರಾಮ’ ಹೋಗಿ ‘ಗ್ಶೀನ’ ಆಗಿತ್ತು. ‘ವಿರಾಮ’ ‘ವಿಶೀನ’ ಆಗಿತ್ತು. ‘ಆರಾಮ’ ‘ಆಶೀನ’. ‘ರಾಮಾಯಣ’ ‘ಶೀನಾಯಣ’. ಆರಾಮದೊಳಗೆ ರಾಮ ಇರುವುದು ಯಾರಿಗಾದರೂ ಕಾಣುತ್ತದೆ. ಗ್ರಾಮದೊಳಗೆ? ಕಣ್ಣಿಗೆ ಅಲ್ಲಿ ‘ಗ್ರಾ’ ಅನ್ನುವ ಒಂದೇ ಅಕ್ಷರವಿದೆ. ರಕಾರ ಕೆಳಗೆ ಒತ್ತಾಗಿ ಕೂತಿದೆ. ಕಂಪ್ಯೂಟರಿಗೆ ಮಾತ್ರ ಅದು ಗ, ಹಲಂತ ಚಿಹ್ನೆ, ರ, ಆ-ಕಾರದ ಚಿಹ್ನೆ, ಮ. ಐದು ಬಿಡಿ ಸಂಕೇತಗಳ ಸಾಲು. ಆ ಸಾಲಿನ ಕೊನೆಯ ಮೂರು ಸಂಕೇತಗಳು ಯಾವ ಬದಲಾವಣೆಯೂ ಇಲ್ಲದ ‘ರಾಮ’. ಯೂನಿಕೋಡಿನಲ್ಲಿ ಒತ್ತಕ್ಷರಕ್ಕೆ ಅಂತ ಬೇರೆ ಸಂಕೇತ ಇಲ್ಲ. ಹಲಂತದ ಪಕ್ಕ ಮಾಮೂಲಿ ವ್ಯಂಜನ ಇಟ್ಟರೆ ಫಾಂಟ್ ಅದನ್ನು ಒತ್ತಾಗಿ ಬರೆದು ತೋರಿಸುತ್ತದೆ.

ಇದನ್ನು ಹೇಳಿದಾಗ ಮಾಸ್ಟ್ರು ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. ‘ಹಾಗಾದ್ರೆ ಅದು ನಮ್ಮ ವ್ಯಾಕರಣದ ಹಾಗೇ ಇಟ್ಟುಕೊಂಡಿದೆ. ಗ್ ಕೂಡಿಸು ರ. ಶಾಲೆಯಲ್ಲಿ ನಾನು ಬಿಡಿಸಿ ಬರೆಸ್ತಿದ್ದೆ ಇದನ್ನೇ’ ಅಂದರು. ಅಲ್ಲಿಂದ ಮುಂದೆ ಅವರೂ ನಮ್ಮ ಜೊತೆ ಪ್ರೋಗ್ರಾಮ್ ಬರೆಯುವವರೇ ಆಗಿಬಿಟ್ಟರು.

ಮೊಮ್ಮಗ ರೆಗ್ಯುಲರ್ ಎಕ್ಸ್‌ಪ್ರೆಶನ್ ತೆಗೆದ. ಪ್ರೋಗ್ರಾಮ್ ಬರೆಯುವವರ ಬಾಯಲ್ಲಿ ಅದು ರೆಜೆಕ್ಸ್. ಇಂಥದ್ದೇ ಪದ ಅಂತ ಕೊಡುವ ಬದಲು ‘ಹೀಗಿರುವ ಪದ’ ಅಂತ ವಿವರಣೆ ಕೊಟ್ಟು ಹುಡುಕುವ ವಿಧಾನ. 1950ರ ದಶಕದಲ್ಲಿ ಸ್ಟೀಫನ್ ಕ್ಲೀನಿ ಅನ್ನುವ ಗಣಿತಜ್ಞರು ಇದರ ತತ್ವ ಬರೆದರು. 1968ರಲ್ಲಿ ಕೆನ್ ಥಾಂಪ್ಸನ್ ಅದನ್ನು ಪಠ್ಯ ಹುಡುಕುವ ಪ್ರೋಗ್ರಾಮಿಗೆ ತಂದ ಬಗೆಯನ್ನು ಪ್ರಕಟಿಸಿದರು. ಇವತ್ತು ಬಹುತೇಕ ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಇದು ಸಿಗುತ್ತದೆ. ಅದರಲ್ಲಿ ಪದದ ಅಂಚು ಅನ್ನುವುದಕ್ಕೆ ಒಂದು ಗುರುತಿದೆ, ಬ್ಯಾಕ್‌ಸ್ಲ್ಯಾಶ್ ಬಿ. ರಾಮನ ಮುಂಚೆ ಅದನ್ನಿಟ್ಟರೆ ಪದದ ಶುರುವಿನಲ್ಲಿ ಇರುವ ರಾಮ ಮಾತ್ರ ಸಿಗಬೇಕು.

‘ಆರಾಮ’ ಉಳಿಯಿತು. ‘ಪರಾಮರ್ಶೆ’ ಉಳಿಯಿತು. ‘ವಿರಾಮ’ ಮತ್ತು ‘ಗ್ರಾಮ’ ಮತ್ತೆ ಹಾಳಾದವು.

ಮೊಮ್ಮಗನಿಗೆ ಆಶ್ಚರ್ಯ. ಇಂಗ್ಲಿಷಿನಲ್ಲಿ ಅದು ಅವನಿಗೆ ಯಾವತ್ತೂ ಕೈ ಕೊಟ್ಟಿರಲಿಲ್ಲ. ಉಳಿದ ಎರಡನ್ನೂ ಹೋದ ಎರಡನ್ನೂ ಒಂದು ಕಾಗದದ ಮೇಲೆ ಬಿಡಿಸಿ ಬರೆದೆವು. ಆಗ ಕಾರಣ ಕಂಡಿತು. ಪೈಥಾನ್ ಜೊತೆ ಬರುವ ರೆಜೆಕ್ಸ್ ಲೈಬ್ರರಿ (ಸಿದ್ಧ ಪ್ರೋಗ್ರಾಮುಗಳ ಕಟ್ಟು) ಅಕ್ಷರ ಮತ್ತು ಅಂಕಿಯನ್ನು ಪದದ ಭಾಗ ಅಂತ ಎಣಿಸುತ್ತದೆ. ನಮ್ಮ ಸ್ವರಚಿಹ್ನೆಗಳನ್ನೂ ಹಲಂತವನ್ನೂ ಎಣಿಸುವುದಿಲ್ಲ. ಯೂನಿಕೋಡ್ ಅವನ್ನು ಅಕ್ಷರದ ವರ್ಗಕ್ಕೆ ಸೇರಿಸದೆ ಅಂಟುವ ಗುರುತು ಅನ್ನುವ ಬೇರೆ ವರ್ಗದಲ್ಲಿಟ್ಟಿದೆ. ‘ಆರಾಮ’ದಲ್ಲಿ ರಕಾರದ ಹಿಂದೆ ‘ಆ’ ಇದೆ, ಪೂರ್ತಿ ಅಕ್ಷರ. ಅಲ್ಲಿ ಅಂಚಿಲ್ಲ. ‘ವಿರಾಮ’ದಲ್ಲಿ ರಕಾರದ ಹಿಂದೆ ಇರುವುದು ಇ-ಕಾರದ ಗುರುತು, ‘ಗ್ರಾಮ’ದಲ್ಲಿ ಹಲಂತ. ಆ ಲೈಬ್ರರಿಯ ಪ್ರಕಾರ ಪದ ಅಲ್ಲೇ ಮುಗಿದು, ರಕಾರದಿಂದ ಹೊಸ ಪದ ಶುರು. ಕನ್ನಡದ ಒಂದೊಂದು ಪದದೊಳಗೂ ಹೀಗೆ ಎಷ್ಟೋ ಸುಳ್ಳು ಅಂಚುಗಳು.

ಇದು ನನಗೆ ಬೇಸರದ ಸಂಗತಿಯೇ. ಇಷ್ಟು ಕೋಟಿ ಜನ ಬರೆಯುವ ಲಿಪಿಗಳಲ್ಲಿ ಪದ ಎಲ್ಲಿ ಶುರುವಾಗುತ್ತದೆ ಅಂತ ಮೂಲ ಲೈಬ್ರರಿಗೆ ಗೊತ್ತಿರಬೇಕಿತ್ತು. ದೇವನಾಗರಿಗೂ ಇದೇ ಕತೆ. ಆದರೆ ನಮ್ಮ ಅಂಚನ್ನು ನಾವೇ ಬರೆಯಬಹುದು. ಹಿಂದಕ್ಕೆ ಇಣುಕಿ ನೋಡುವ ಷರತ್ತು ಅಂತ ಒಂದಿದೆ. ‘ರಾಮ ಬೇಕು, ಆದರೆ ಅದರ ಬೆನ್ನಿಗೆ ಕನ್ನಡದ ಯಾವ ಅಕ್ಷರವೂ ಚಿಹ್ನೆಯೂ ಇರಬಾರದು’ ಅಂತ ಬರೆದೆವು. ಅನುಸ್ವಾರದಿಂದ ಹಲಂತದವರೆಗೆ ಒಂದು ವ್ಯಾಪ್ತಿ ಕೊಟ್ಟರೆ ಆಯಿತು, ಹೆಚ್ಚುಕಡಿಮೆ ಎಲ್ಲಾ ಅದರೊಳಗೆ ಬರುತ್ತವೆ. ಗ್ರಾಮಕ್ಕೂ ವಿರಾಮಕ್ಕೂ ವಿರಾಮ ಸಿಕ್ಕಿತು.

ಮುಂದಿನ ಅಂಚು ಇನ್ನೂ ಕಷ್ಟ. ಇಂಗ್ಲಿಷಿನಲ್ಲಾದರೆ ಹೆಸರಿನ ನಂತರ ಜಾಗ ಬಿಡುತ್ತಾರೆ. ನಮ್ಮಲ್ಲಿ ವಿಭಕ್ತಿ ಅಂಟಿಕೊಳ್ಳುತ್ತದೆ: ರಾಮನು, ರಾಮನಿಗೆ, ರಾಮನ. ಅದನ್ನು ಬಿಡುವಂತಿಲ್ಲ. ‘ರಾಮಾಯಣ’ ಬೇಡ. ಹಾಗಾದರೆ ರಾಮನ ನಂತರ ‘ನ’ ಬಂದರೆ ಮಾತ್ರ ಅಥವಾ ಪದ ಮುಗಿದರೆ ಮಾತ್ರ ಅಂತ ಷರತ್ತು ಹಾಕಿದೆವು. ಮಾಸ್ಟ್ರು ಒಂದು ಕ್ಷಣ ಯೋಚಿಸಿ, ‘ರಾಮನವಮಿ?’ ಅಂದರು. ಅವರ ಒಂದು ಕತೆ ನಡೆಯುವುದೇ ರಾಮನವಮಿಯ ಪಾನಕದ ದಿನ.

ಆಗ ದಾರಿ ಬದಲಿಸಿದೆವು. ಬದಲಾಯಿಸುವ ಮೊದಲು ಸುಮ್ನೆ ಹುಡುಕುವುದು. ‘ರಾಮ’ದಿಂದ ಶುರುವಾಗುವ ಪದಗಳನ್ನೆಲ್ಲ ಪೂರ್ತಿಯಾಗಿ ಹೆಕ್ಕಿ, ಒಂದೊಂದೂ ಎಷ್ಟು ಸಲ ಬಂದಿದೆ ಅಂತ ಪಟ್ಟಿ ಮಾಡಿದೆವು. ಸಾವಿರಾರು ಸಾಲಿನ ಪಠ್ಯದಿಂದ ಬಂದದ್ದು ಒಂದು ಪುಟದ ಪಟ್ಟಿ. ಮಾಸ್ಟ್ರು ಪೆನ್ನು ಹಿಡಿದು ಯಾವುದು ಹುಡುಗ, ಯಾವುದು ದೇವರು, ಯಾವುದು ಹಬ್ಬ ಅಂತ ಗುರುತು ಹಾಕಿದರು. ‘ಅಯ್ಯೋ ರಾಮ’ ಅನ್ನುವ ಉದ್ಗಾರವನ್ನು ಪಕ್ಕದ ಪದದ ಸಮೇತ ನೋಡಿ ಬಿಡಬೇಕಾಯಿತು. ಗುರುತು ಹಾಕಿದ ರೂಪಗಳಿಗೆ ಮಾತ್ರ ಶೀನ ಬಂದ. ಕ್ಲಾಸಿನಲ್ಲಿ ಇದನ್ನೇ ಮೊದಲು ಕಲಿಸಬೇಕು ಅಂತ ನನಗೆ ಬಲವಾಗಿ ಅನಿಸುತ್ತದೆ. ಏನನ್ನು ತಂದಿಡಬೇಕು ಅನ್ನುವುದು ಸುಲಭದ ಅರ್ಧ. ಯಾವುದನ್ನು ಮುಟ್ಟಬಾರದು ಅಂತ ತಿಳಿಯೋಕೆ ಆ ಭಾಷೆ ಗೊತ್ತಿರಬೇಕು, ಆ ಬರಹ ಗೊತ್ತಿರಬೇಕು.

ಊಟದ ನಂತರ ಸೊನ್ನೆಯ ಕೆಲಸ. ಕನ್ನಡದ ಸೊನ್ನೆ ಅಂಕಿಯೂ ಅನುಸ್ವಾರವೂ ನೋಡೋಕೆ ಒಂದೇ ಥರ ದುಂಡಗೆ. ಸಂಕೇತಗಳು ಬೇರೆ ಬೇರೆ. ಒಂದಷ್ಟು ಕತೆಗಳನ್ನು ಟೈಪ್ ಮಾಡಿದವರು ಅನುಸ್ವಾರದ ಜಾಗದಲ್ಲೆಲ್ಲ ಅಂಕಿ ಒತ್ತಿದ್ದರು. ‘ಮು೦ಬಯಿ’ ಅಂತ ಪರದೆಯ ಮೇಲೆ ಚೆನ್ನಾಗೇ ಕಾಣುತ್ತಿತ್ತು, ಹುಡುಕಿದರೆ ಮಾತ್ರ ಸಿಗುತ್ತಿರಲಿಲ್ಲ. ಎಲ್ಲಾ ಸೊನ್ನೆಗಳನ್ನೂ ಅನುಸ್ವಾರ ಮಾಡುವ ಹಾಗಿಲ್ಲ. ಮಹಾರಾಷ್ಟ್ರ ರಾಜ್ಯವಾದ ೧೯೬೦ನೇ ಇಸವಿ ಒಂದು ಕತೆಯಲ್ಲಿದೆ. ಬೆನ್ನಿಗೆ ಕನ್ನಡ ಅಕ್ಷರವೋ ಸ್ವರಚಿಹ್ನೆಯೋ ಇರುವ ಸೊನ್ನೆಯನ್ನು ಮಾತ್ರ ಬದಲಿಸು ಅಂದೆವು. ಪ್ಯಾಟರ್ನ್ ಚಿಕ್ಕದು: ([ಅ-ೌ])೦. ಬದಲಿಗೆ ಬರುವುದು \1ಂ. ಬ್ರಾಕೆಟ್ಟಿನಲ್ಲಿ ಹಿಡಿದದ್ದನ್ನು ಒಂದು ಅನ್ನುವ ನಂಬರಿನಿಂದ ವಾಪಸ್ ಕರೆಯಬಹುದು. ಅಂಕಿಯ ಪಕ್ಕದ ಸೊನ್ನೆಗಳು ಹಾಗೇ ಉಳಿದವು.

ಇನ್ನೊಂದು ಕತೆಯಲ್ಲಿ ತಪ್ಪು ತಿರುಗಾಮುರುಗಾ ಆಗಿತ್ತು. ಇಸವಿಯೊಳಗೆ ಅನುಸ್ವಾರ. 2005ರ ಜುಲೈ 26ರ ಮಳೆಯ ಕತೆ ಅದು. ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಬಿದ್ದ ಮಳೆ. ಅಲ್ಲಿ ‘೨ಂಂ೫’ ಅಂತಿತ್ತು. ‘ಅಂಕಿಯ ನಂತರದ ಅನುಸ್ವಾರ ಸೊನ್ನೆಯಾಗಲಿ’ ಅಂತ ಓಡಿಸಿದರೆ ‘೨೦ಂ೫’ ಬಂತು. ಮೊಮ್ಮಗ ತಕ್ಷಣ ಹಿಡಿದ. ಹುಡುಕಾಟ ನಡೆಯುವುದು ಹಳೆಯ ಪಠ್ಯದ ಮೇಲೆ. ಅಲ್ಲಿ ಎರಡನೇ ಅನುಸ್ವಾರದ ಬೆನ್ನಿಗೆ ಇರುವುದು ಇನ್ನೂ ಅನುಸ್ವಾರವೇ. ಮೊದಲನೆಯದು ಸೊನ್ನೆ ಆಗಿರುವುದು ಹೊಸ ಸ್ಟ್ರಿಂಗಿನಲ್ಲಿ. ಇನ್ನೊಂದು ಸಲ ಓಡಿಸಿದರೆ ಸರಿಹೋಗುತ್ತದೆ. ಬದಲಾವಣೆ ನಿಲ್ಲುವವರೆಗೂ ಓಡಿಸು ಅಂತ ಒಂದು ಲೂಪ್ ಹಾಕಿದ.

ಹಳೆಯ ಫಾಂಟಿನ ಕತೆಗಳಿಗೆ ಕೈ ಹಾಕುವಾಗ ಸಂಜೆಯಾಗಿತ್ತು. ಆ ಫಾಂಟುಗಳು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದ್ದವು. ಫಾಂಟ್ ತೆಗೆದರೆ ಅರ್ಥವಿಲ್ಲದ ಗುರುತುಗಳ ರಾಶಿ. ಚೂರಿಗೆ ಅಕ್ಷರ ಅಂತ ಒಂದು ಪಟ್ಟಿ ಮಾಡಿ ಬದಲಿಸುತ್ತಾ ಹೋಗಬೇಕು. ಪಟ್ಟಿಯ ಕ್ರಮ ಮುಖ್ಯ. ಅಲ್ಲಿ ‘ಮ’ ಬರೆಯುವುದು ‘ವ’ದ ಚೂರುಗಳಿಗೇ ಬಾಲ ಸೇರಿಸಿ. ಮೊದಲು ‘ವ’ ಬದಲಿಸಿದರೆ ಪಠ್ಯದ ಎಲ್ಲಾ ಮಕಾರಗಳೂ ಒಡೆದು ಬಾಲ ಒಂಟಿಯಾಗುತ್ತದೆ. ಉದ್ದದ್ದು ಮೊದಲು, ಗಿಡ್ಡದ್ದು ಆಮೇಲೆ.

ಅಷ್ಟಾದರೂ ‘ಅದಕ್ಕೆ’ ಅನ್ನುವಲ್ಲಿ ಎ-ಕಾರ ಒತ್ತಿನ ಮುಂಚೆಯೇ ಬಂದು ಕೂತಿತ್ತು. ‘ಧರ್ಮ’ದಲ್ಲಿ ಮಕಾರದ ನಂತರ ಅರ್ಕಾವತ್ತು. ಇದಕ್ಕೆ ಕಾರಣ ಹೇಳಿದವರು ಮಾಸ್ಟ್ರು. ‘ಕೈ ಬರೆಯುವ ಕ್ರಮ ಇದು. ಮೊದಲು ಕೆ ಬರೀತೇವೆ, ಆಮೇಲೆ ಕೆಳಗೆ ಒತ್ತು. ಮ ಬರೆದು ಆಮೇಲೆ ಅರ್ಕಾವತ್ತು. ಬಾಯಿ ಹೇಳುವ ಕ್ರಮ ಬೇರೆ.’ ಅವರು ಹೇಳಿದ್ದು ಅಕ್ಷರಶಃ ಸರಿ. ಹಳೆಯ ಫಾಂಟು ಕೈಯ ಕ್ರಮದಲ್ಲಿ ಇಟ್ಟುಕೊಂಡಿದೆ, ಯೂನಿಕೋಡ್ ಉಚ್ಚಾರದ ಕ್ರಮದಲ್ಲಿ. ಸ್ವರಚಿಹ್ನೆಯನ್ನು ಒಂದು ಬ್ರಾಕೆಟ್ಟಿನಲ್ಲಿ ಹಿಡಿದು, ಅದರ ನಂತರದ ಒತ್ತುಗಳನ್ನು ಇನ್ನೊಂದರಲ್ಲಿ ಹಿಡಿದು, ಬದಲಿಗೆ \2\1 ಅಂತ ಬರೆದರೆ ಎರಡೂ ಜಾಗ ಬದಲಿಸಿಕೊಳ್ಳುತ್ತವೆ. ಒತ್ತು ಒಂದಕ್ಕಿಂತ ಜಾಸ್ತಿ ಇರಬಹುದು ಅಂತ ಕೂಡಿಸುವ ಚಿಹ್ನೆ ಹಾಕಿದ್ದರಿಂದ ‘ರಾಷ್ಟ್ರೀಯ’ವೂ ಸರಿಯಾಗಿ ಬಂತು. ಆ ಪದ ಪರದೆಯ ಮೇಲೆ ನೆಟ್ಟಗೆ ನಿಂತಾಗ ಮೂವರೂ ಒಟ್ಟಿಗೆ ‘ಹಾಂ’ ಅಂದೆವು.

ಕೊನೆಗೆ ಉಳಿದದ್ದು ಊರಿನ ಹೆಸರು. 1995ರಲ್ಲಿ ನಗರದ ಅಧಿಕೃತ ಹೆಸರು ಬದಲಾಯಿತು. ಕತೆಗಳಲ್ಲಿ ಬೊಂಬಾಯಿ, ಬಾಂಬೆ, ಮುಂಬಯಿ, ಮುಂಬೈ ಎಲ್ಲವೂ ಇದ್ದವು. ಎಲ್ಲವನ್ನೂ ಒಂದೇ ಮಾಡೋಣವಾ ಅಂತ ಮೊಮ್ಮಗ ಕೇಳಿದ. ಬಾಂಬೆ ಹೈಕೋರ್ಟಿಗೆ ಇವತ್ತಿಗೂ ಅದೇ ಹೆಸರು, ಅದನ್ನು ಮುಟ್ಟುವ ಹಾಗಿಲ್ಲ ಅಂದೆ ನಾನು. ಮಾಸ್ಟ್ರು ಇನ್ನೂ ಮುಂದೆ ಹೋದರು. ಹುಡುಗರು ಊರಿಗೆ ಬರೆದ ಕಾಗದಗಳು ಕತೆಗಳಲ್ಲಿವೆ, ಉಲ್ಲೇಖ ಚಿಹ್ನೆಯೊಳಗೆ. ‘ಆ ಕಾಗದದಲ್ಲಿ ಅವರು ಬೊಂಬಾಯಿ ಅಂತಲೇ ಬರೆದದ್ದು. ಅದು ಹಾಗೇ ಇರಲಿ. ನಾನು ಕತೆ ಹೇಳುವಲ್ಲಿ ಮುಂಬಯಿ ಮಾಡಿ.’

ಇದಕ್ಕೆ ಮೊಮ್ಮಗ ಹೂಡಿದ ಉಪಾಯ ನನಗೆ ತುಂಬಾ ಇಷ್ಟವಾಯಿತು. ಪ್ಯಾಟರ್ನಿನಲ್ಲಿ ನಾಲ್ಕು ಆಯ್ಕೆ ಕೊಟ್ಟ: ಮೊದಲು ಉಲ್ಲೇಖ ಚಿಹ್ನೆಯೊಳಗಿನ ಪೂರ್ತಿ ಭಾಗ, ಆಮೇಲೆ ಬಾಂಬೆ ಹೈಕೋರ್ಟ್ ಅನ್ನುವ ಜೋಡಿ, ಆಮೇಲೆ ಬೊಂಬಾಯಿ, ಕೊನೆಗೆ ಉಳಿದ ಬರವಣಿಗೆಗಳು. ಬದಲಿ ಪದದ ಜಾಗದಲ್ಲಿ ಒಂದು ಫಂಕ್ಷನ್ ಕೊಟ್ಟ. ಸಿಕ್ಕಿದ್ದು ಮೊದಲ ಎರಡರಲ್ಲಿ ಒಂದಾದರೆ ಇದ್ದ ಹಾಗೇ ವಾಪಸ್ ಕೊಡು, ಇಲ್ಲವಾದರೆ ಮುಂಬಯಿ ಕೊಡು. ಉಲ್ಲೇಖದ ಭಾಗವನ್ನು ಮೊದಲೇ ಇಡಿಯಾಗಿ ನುಂಗಿಬಿಡುವುದರಿಂದ ಅದರೊಳಗಿನ ಬೊಂಬಾಯಿ ಹುಡುಕಾಟಕ್ಕೆ ಸಿಗುವುದೇ ಇಲ್ಲ. ಕನ್ನಡ ಓದೋದು ಕಷ್ಟ ಅನ್ನುವ ಹುಡುಗ ಅಷ್ಟು ಹೊತ್ತಿಗೆ ಬೊಂಬಾಯಿಯ ನಾಲ್ಕೂ ಬರವಣಿಗೆಗಳನ್ನು ಪರದೆಯ ಮೇಲೆ ನೋಡಿದ ಕೂಡಲೇ ಗುರುತಿಸುತ್ತಿದ್ದ.

ಹೊಸ ಕಡತವನ್ನು ಮಾಸ್ಟ್ರ ಪೆನ್‌ಡ್ರೈವಿಗೆ ಹಾಕಿ, ಹಳೆಯದನ್ನೂ ಪಕ್ಕದಲ್ಲೇ ಇಟ್ಟೆ. ಮುಂದಿನ ವಾರ ದೀರ್ಘದ ಗುರುತುಗಳನ್ನು ನೋಡಬೇಕಿದೆ. ‘ಕೇ’ಯಲ್ಲಿರುವ ಏ-ಕಾರವನ್ನು ಒಂದೇ ಸಂಕೇತದಲ್ಲೂ ಇಡಬಹುದು, ಎ-ಕಾರ ಮತ್ತು ದೀರ್ಘ ಅಂತ ಎರಡು ಸಂಕೇತಗಳಲ್ಲೂ ಇಡಬಹುದು. ಮಾಸ್ಟ್ರ ಕಡತದಲ್ಲಿ ಎರಡೂ ಬೆರೆತಿವೆ.