ಹತ್ತು ಗಂಟೆಯ ಲೆಕ್ಕ

ಬೆಂಗಳೂರಿನಲ್ಲಿ ಕೂತು ಜರ್ಮನಿಯ ತಂಡವೊಂದರ ಜೊತೆ ಕೆಲಸ ಮಾಡಲು ತೊಡಗಿ ಆರು ವರ್ಷಗಳಾದವು. ಚಳಿಗಾಲದಲ್ಲಿ ಅವರಿಗೂ ನಮಗೂ ನಾಲ್ಕೂವರೆ ಗಂಟೆಯ ಅಂತರವಿರುವುದರಿಂದ, ಅಲ್ಲಿ ಸಂಜೆ ಐದಾದಾಗ ಇಲ್ಲಿ ರಾತ್ರಿ ಒಂಬತ್ತೂವರೆ. ಅಂಥದೇ ಒಂದು ಹೊತ್ತಿನಲ್ಲಿ, ಮೀಟಿಂಗ್‌ನ ನಡುವೆ, ಅಲ್ಲಿನ ಸಹೋದ್ಯೋಗಿಯ ಹಾಜರಾತಿ ಪುಟ ಆಕಸ್ಮಿಕವಾಗಿ ನಮ್ಮೆಲ್ಲರ ಪರದೆಯ ಮೇಲೆ ತೆರೆದುಕೊಂಡಿತು. ಬಂದ ವೇಳೆ, ಊಟದ ಬಿಡುವು, ಹೊರಟ ವೇಳೆ ಎಲ್ಲವೂ ನಿಮಿಷದ ಲೆಕ್ಕದಲ್ಲಿ ಅಲ್ಲಿದ್ದವು. ಹಿಂದಿನ ದಿನದ ಸಾಲು ಮಾತ್ರ ಕೆಂಪಾಗಿತ್ತು. 10 ಗಂಟೆ 12 ನಿಮಿಷ. ಇದಕ್ಕೆ ತನ್ನ ಮ್ಯಾನೇಜರ್ ಉತ್ತರ ಹೇಳಬೇಕಾಗುತ್ತದೆಂದು ನಕ್ಕ ಆತ, ಬಾಕಿ ಉಳಿದಿದ್ದ ಕೆಲಸವನ್ನು ನನ್ನ ಹೆಸರಿಗೆ ವರ್ಗಾಯಿಸಿ ಲ್ಯಾಪ್‌ಟಾಪ್ ಮುಚ್ಚಿದ. ಅಡುಗೆಮನೆಯಲ್ಲಿ ಅಮ್ಮ ಎರಡನೇ ಸಲ ಸಾರು ಬಿಸಿ ಮಾಡುತ್ತಿದ್ದರು. ಆ ದಿನವೂ ನನ್ನ ಟೈಮ್‌ಶೀಟ್‌ನಲ್ಲಿ ಎಂಟು ಗಂಟೆಯೇ ದಾಖಲಾಯಿತು, ಏಕೆಂದರೆ ಎಂಟಕ್ಕಿಂತ ಹೆಚ್ಚು ತುಂಬಿದರೆ ಅದು ಸ್ವೀಕರಿಸುವುದೇ ಇಲ್ಲ.

ಇಂಥದ್ದನ್ನೆಲ್ಲ ‘ಅವರ ಕೆಲಸದ ಸಂಸ್ಕೃತಿಯೇ ಬೇರೆ’ ಎಂಬ ಒಂದು ಮಾತಿನಲ್ಲಿ ಮುಗಿಸುವುದು ನಮ್ಮ ಅಭ್ಯಾಸ. ನಾನೂ ಬಹಳ ಕಾಲ ಹಾಗೆಯೇ ಅಂದುಕೊಂಡಿದ್ದೆ, ಕಾನೂನಿನ ಪಠ್ಯಗಳನ್ನು ಎದುರುಬದುರು ಇಟ್ಟು ಓದುವವರೆಗೆ. ಜರ್ಮನಿಯ 1994ರ ಕಾಯ್ದೆ ದಿನಕ್ಕೆ ಎಂಟು ಗಂಟೆ ಎನ್ನುತ್ತದೆ. ಮುಂದಿನ ತಿಂಗಳುಗಳಲ್ಲಿ ಸರಾಸರಿ ಎಂಟಕ್ಕೆ ಇಳಿಯುವುದಾದರೆ ಹತ್ತರವರೆಗೆ ಹೋಗಬಹುದು, ಎರಡು ದಿನಗಳ ಕೆಲಸದ ನಡುವೆ ಹನ್ನೊಂದು ಗಂಟೆಯ ವಿಶ್ರಾಂತಿ ಕಡ್ಡಾಯ. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ದಿನಕ್ಕೆ ಒಂಬತ್ತು ಗಂಟೆ, ವಾರಕ್ಕೆ 48 ಗಂಟೆ ಎಂದು ಹೇಳಿ, ಓಟಿ, ಅಂದರೆ ಹೆಚ್ಚುವರಿ ದುಡಿಮೆ, ಸೇರಿದರೂ ದಿನಕ್ಕೆ ಹತ್ತನ್ನು ದಾಟಬಾರದೆಂದು ಗೆರೆ ಎಳೆಯಿತು. ಹತ್ತು ಎಂಬ ಅಂಕಿ ಎರಡೂ ಕಡೆ ಇದೆ. ಅಲ್ಲಿ ಅದನ್ನು ಎಣಿಸುವವರಿದ್ದಾರೆ ಎಂಬುದಷ್ಟೇ ವ್ಯತ್ಯಾಸ. ಪ್ರತಿದಿನದ ಕೆಲಸದ ವೇಳೆಯನ್ನು ದಾಖಲಿಸುವ ವ್ಯವಸ್ಥೆ ಇರಲೇಬೇಕೆಂದು ಯುರೋಪಿಯನ್ ಒಕ್ಕೂಟದ ನ್ಯಾಯಾಲಯ 2019ರಲ್ಲಿ ಹೇಳಿತು, ಜರ್ಮನಿಯ ಕಾರ್ಮಿಕ ನ್ಯಾಯಾಲಯ 2022ರಲ್ಲಿ ಅದನ್ನೇ ಅನುಸರಿಸಿತು. ಅದಲ್ಲದೆ ಅಲ್ಲಿನ ಅನೇಕ ಕಂಪನಿಗಳಲ್ಲಿ ನೌಕರರೇ ಆರಿಸಿದ ಮಂಡಳಿಯೊಂದು ಒಳಗೇ ಕೂತು ಈ ಲೆಕ್ಕವನ್ನು ನೋಡುತ್ತಿರುತ್ತದೆ.

‘ನಮ್ಮ ಜನ ಬೇರೆ’ ಎಂಬ ವಾದಕ್ಕೆ ನೂರು ವರ್ಷ ದಾಟಿದೆ. 1919ರಲ್ಲಿ ವಾಷಿಂಗ್ಟನ್‌ನಲ್ಲಿ ಸೇರಿದ ಅಂತರರಾಷ್ಟ್ರೀಯ ಕಾರ್ಮಿಕ ಸಮ್ಮೇಳನ ದಿನಕ್ಕೆ ಎಂಟು, ವಾರಕ್ಕೆ 48 ಗಂಟೆಯ ಮೊದಲ ಒಡಂಬಡಿಕೆಯನ್ನು ಅಂಗೀಕರಿಸಿತಷ್ಟೆ. ಅದೇ ಒಡಂಬಡಿಕೆಯ ಹತ್ತನೆಯ ವಿಧಿ ಬ್ರಿಟಿಷ್ ಇಂಡಿಯಾಕ್ಕೆ ವಾರಕ್ಕೆ 60 ಗಂಟೆ ಎಂದು ಬರೆಯಿತು. ಜಪಾನಿಗೆ 57, ಅಲ್ಲಿನ ಕಚ್ಚಾ ರೇಷ್ಮೆ ಉದ್ಯಮಕ್ಕೆ 60. ಚೀನಾ, ಪರ್ಷಿಯಾ (ಇಂದಿನ ಇರಾನ್), ಸಯಾಮ್ (ಇಂದಿನ ಥಾಯ್ಲೆಂಡ್)‌ಗಳಿಗೆ ಅದು ಅನ್ವಯಿಸಲೇ ಇಲ್ಲ. ಹವಾಮಾನ, ಉದ್ಯಮದ ಅಪೂರ್ಣ ಬೆಳವಣಿಗೆ, ಇತರ ವಿಶೇಷ ಸಂದರ್ಭಗಳನ್ನು ಗಮನಿಸಬೇಕೆಂದು ಮೊದಲ ಮಹಾಯುದ್ಧದ ನಂತರದ ವರ್ಸೇಲ್ಸ್ ಶಾಂತಿ ಒಪ್ಪಂದವೇ ಇದಕ್ಕೆ ಬಾಗಿಲು ತೆರೆದಿಟ್ಟಿತ್ತು. ಭಾರತ 1921ರಲ್ಲಿ ಆ ಒಡಂಬಡಿಕೆಗೆ ಬದ್ಧವಾಯಿತು. ನಮ್ಮನ್ನು ಆಳುತ್ತಿದ್ದ ಬ್ರಿಟನ್ ಮಾತ್ರ ಇಂದಿಗೂ ಆಗಿಲ್ಲ. ವರ್ಷವಿಡೀ ನಡೆಯುವ ಕಾರ್ಖಾನೆಗಳಲ್ಲಿ ಆ 60 ಗಂಟೆ 1934ರಲ್ಲಿ 54ಕ್ಕೆ, 1946ರಲ್ಲಿ 48ಕ್ಕೆ ಇಳಿಯಿತು. ಈ ನಡುವೆ ನಮ್ಮ ಬಿಸಿಲೇನೂ ಕಡಿಮೆಯಾಗಿರಲಿಲ್ಲ.

ಈಗ ಗಾಳಿ ಹಿಮ್ಮುಖವಾಗಿ ಬೀಸುತ್ತಿದೆ. 2025ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಮುಂದಿಟ್ಟ ಪ್ರಸ್ತಾವದಲ್ಲಿ ದಿನದ ಕೆಲಸ 10 ಗಂಟೆಗೆ, ಓಟಿ ಸೇರಿದರೆ 12ಕ್ಕೆ, ಮೂರು ತಿಂಗಳ ಓಟಿ ಮಿತಿ 50ರಿಂದ 144 ಗಂಟೆಗೆ ಏರಬೇಕಿತ್ತು. ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿದದ್ದರಿಂದ 2016ರಲ್ಲಿ ಜಗತ್ತಿನಾದ್ಯಂತ ಸುಮಾರು 7.45 ಲಕ್ಷ ಜನ ಪಾರ್ಶ್ವವಾಯು ಮತ್ತು ಹೃದ್ರೋಗಗಳಿಂದ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಗಳು ಅಂದಾಜು ಮಾಡಿವೆ. ಐದು ದಿನ ಹನ್ನೊಂದು ಹನ್ನೊಂದು ಗಂಟೆ ದುಡಿದರೆ ಅದೇ 55. ಅಲ್ಲಿನ ಕಟ್ಟುನಿಟ್ಟಿನ ನಿಯಮದಿಂದ ಕೆಲಸದ ಪ್ರಮಾಣ ಕುಗ್ಗಿಲ್ಲ, ಅದು ಗಡಿ ದಾಟಿ ಲೆಕ್ಕವಿಡದವರ ಮನೆಗೆ ಬಂದಿದೆ ಎಂದೇ ನನ್ನ ಅನುಭವ ಹೇಳುತ್ತದೆ. ಹಾಗೆಂದು ಸಂಸ್ಕೃತಿಯ ಪಾಲು ಏನೂ ಇಲ್ಲವೆನ್ನಲಾರೆ: ಮೇಲಿನವರಿಗೆ ‘ಆಗುವುದಿಲ್ಲ’ ಎನ್ನಲು ನಮಗೆ ನಾಲಿಗೆ ಏಳುವುದಿಲ್ಲ, ರಾತ್ರಿ ಹನ್ನೊಂದಕ್ಕೆ ಉತ್ತರಿಸಿದ ಮೇಲ್‌ಗೆ ಸಿಕ್ಕ ಹೊಗಳಿಕೆಯಿಂದ ನಾನೂ ಒಂದು ಕಾಲಕ್ಕೆ ಉಬ್ಬಿದ್ದೆ.

ಕೆಂಪು ಸಾಲನ್ನು ಕಂಡ ಮರುದಿನದಿಂದ ನಾನೇ ಒಂದು ನೋಟ್‌ಬುಕ್‌ನಲ್ಲಿ ವೇಳೆ ಬರೆದಿಡತೊಡಗಿದೆ. ಮೊದಲ ತಿಂಗಳಲ್ಲಿ ಹತ್ತು ಗಂಟೆ ದಾಟಿದ ದಿನಗಳು ಹದಿಮೂರು. ಆ ಮೇಲೆ ಧೈರ್ಯ ಮಾಡಿ, ರಾತ್ರಿಯ ಮೀಟಿಂಗನ್ನು ನಮ್ಮ ಮಧ್ಯಾಹ್ನ ಎರಡೂವರೆಗೆ, ಅಂದರೆ ಅವರ ಬೆಳಗಿನ ಹತ್ತಕ್ಕೆ ಬದಲಿಸಬಹುದೇ ಎಂದು ಜರ್ಮನಿಯ ಸಹೋದ್ಯೋಗಿಯನ್ನು ಕೇಳಿದೆ. ಆತ ಒಂದೇ ನಿಮಿಷದಲ್ಲಿ ಒಪ್ಪಿದ. ರಾತ್ರಿಯ ವೇಳೆಯೇ ನಮಗೆ ಅನುಕೂಲವೆಂದು ಇಷ್ಟು ವರ್ಷ ಅಂದುಕೊಂಡಿದ್ದನಂತೆ. ಆಕ್ಷೇಪ ಬಂದದ್ದು ನಮ್ಮ ಕಡೆಯಿಂದಲೇ. ‘ಕ್ಲೈಂಟ್ ಏನಂದುಕೊಳ್ಳುತ್ತಾರೋ, ಮೊದಲು ನನ್ನನ್ನು ಕೇಳಬೇಕಿತ್ತು’ ಎಂದು ನಮ್ಮ ಮ್ಯಾನೇಜರ್ ಮೆಸೇಜ್ ಕಳಿಸಿದಾಗ ರಾತ್ರಿ ಹತ್ತೂ ಮುಕ್ಕಾಲು ಆಗಿತ್ತು.