ಹೈಟ್ ಸಾಲಲ್ಲ ಅಂತೀರಾ?

"ನಮ್ಮ ವಾಲಿಬಾಲ್ ಟೀಮು ಒಲಿಂಪಿಕ್ಸಿಗೆ ಯಾಕೆ ಹೋಗಲ್ಲ? ಹೈಟ್ ಸಾಲಲ್ಲ ಅಲ್ವಾ?"

ಪ್ರಶ್ನೆಯನ್ನೂ ಅವರೇ ಕೇಳುತ್ತಾರೆ, ಉತ್ತರವನ್ನೂ ಅವರೇ ಕೊಡುತ್ತಾರೆ. ನಮ್ಮ ಪಾಲಿಗೆ ಉಳಿಯುವುದು ತಲೆ ಆಡಿಸುವ ಕೆಲಸ. ಇಷ್ಟು ದಿನ ಆಡಿಸಿದ್ದಾಯಿತು. ಇನ್ನು ಕೇಳಿದವರಿಗೆ ಇದನ್ನೇ ಓದಲು ಕೊಡುತ್ತೇನೆ.

ಅವಸರ ಇದ್ದವರಿಗೆ ಉತ್ತರ ಇಷ್ಟೇ: ಹೈಟ್ ಅಲ್ಲ. ಭಾರತದ ಪುರುಷರ ತಂಡ ಒಲಿಂಪಿಕ್ಸ್‌ನಲ್ಲಿ ಒಮ್ಮೆಯೂ ಆಡಿಲ್ಲ ಎಂಬುದು ನಿಜ. 1964ರ ಟೋಕಿಯೊದಿಂದ ಇಲ್ಲಿಯವರೆಗೆ ಒಂದು ಸಲವೂ ಇಲ್ಲ. ಆದರೆ ಕಾರಣ ಅಳತೆಪಟ್ಟಿಯಲ್ಲಿ ಸಿಗುವುದಿಲ್ಲ.

ನೆಟ್‌ನ ಎತ್ತರ 2.43 ಮೀಟರ್. ಬ್ರೆಜಿಲ್‌ನವರಿಗೂ ಅಷ್ಟೇ, ಬೆಳ್ತಂಗಡಿಯವರಿಗೂ ಅಷ್ಟೇ. ತಲೆ ಎಲ್ಲಿದೆ ಅನ್ನುವುದು ಮುಖ್ಯವಲ್ಲ, ಹಾರಿದಾಗ ಅಂಗೈ ಎಲ್ಲಿಗೆ ಮುಟ್ಟುತ್ತದೆ ಅನ್ನುವುದು ಮುಖ್ಯ. 188 ಸೆಂ.ಮೀ. ಎತ್ತರದವನು ನಿಂತು ಕೈ ಎತ್ತಿದರೆ ಸುಮಾರು 2.45 ಮೀಟರ್ ಮುಟ್ಟುತ್ತಾನೆ, 90 ಸೆಂ.ಮೀ. ಹಾರಿದರೆ 3.35. ಎರಡು ಮೀಟರ್ ಎತ್ತರದವನು ನಿಂತಲ್ಲೇ 2.60 ಮುಟ್ಟಬಹುದು, ಆದರೆ ಬರೀ 60 ಸೆಂ.ಮೀ. ಹಾರಿದರೆ 3.20ಕ್ಕೆ ನಿಂತುಬಿಡುತ್ತಾನೆ. ಎತ್ತರ ಬೇಡ ಎಂದಲ್ಲ. ಎತ್ತರದವರು ನಮ್ಮಲ್ಲೂ ಇದ್ದಾರೆ ಎಂದು ಹೇಳುತ್ತಿದ್ದೇನೆ. ಭಾರತ ತಂಡಕ್ಕೆ ಆಡಿದ ನಮ್ಮ ಕರ್ನಾಟಕದ ಅಶ್ವಲ್ ರೈ ಪಕ್ಕ ಒಮ್ಮೆ ನಿಂತು ನೋಡಿ.

ಜಪಾನ್ ಕಡೆ ನೋಡಿ. ಯೂಕಿ ಇಶಿಕಾವಾ 192 ಸೆಂ.ಮೀ., ರಾನ್ ತಕಹಾಶಿ 188, ಯೂಜಿ ನಿಶಿದಾ 187. ಸೆಟ್ಟರ್ (ಸ್ಮ್ಯಾಶ್ ಹೊಡೆಯುವವನಿಗೆ ಚೆಂಡು ಎತ್ತಿಕೊಡುವವನು) ಸೆಕಿತಾ 175, ಲಿಬೆರೊ (ಹಿಂದಿನ ಸಾಲಿನಲ್ಲಿ ಚೆಂಡು ತೆಗೆಯುವುದಕ್ಕೇ ಮೀಸಲಾದವನು) ಯಮಾಮೊಟೊ 171. ನಮ್ಮೂರಿನ ಟ್ರಯಲ್ಸ್‌ಗೆ ಬಂದಿದ್ದರೆ ಕೊನೆಯ ಇಬ್ಬರನ್ನು ಗೇಟಿನಿಂದಲೇ ವಾಪಸ್ ಕಳಿಸುತ್ತಿದ್ದರು. ಇಂಥ ತಂಡ ಜಗತ್ತಿನ ದೊಡ್ಡ ತಂಡಗಳು ಪ್ರತಿ ವರ್ಷ ಆಡುವ ವಾಲಿಬಾಲ್ ನೇಷನ್ಸ್ ಲೀಗ್‌ನಲ್ಲಿ, 2023ರ ಲೀಗ್‌ನಲ್ಲಿ ಕಂಚು, 2024ರಲ್ಲಿ ಬೆಳ್ಳಿ ಗೆದ್ದಿತು. ಇದೇನು ಇವತ್ತಿನ ಕಥೆಯಲ್ಲ. ಒಲಿಂಪಿಕ್ಸ್‌ನಲ್ಲೇ ಅವರಿಗೆ 1964ರಲ್ಲಿ ಕಂಚು, 1968ರಲ್ಲಿ ಬೆಳ್ಳಿ, 1972ರ ಮ್ಯೂನಿಕ್‌ನಲ್ಲಿ ಚಿನ್ನ. ಮತ್ಸುದೈರಾ ಎಂಬ ಕೋಚ್ ಯುರೋಪಿನ ಆಜಾನುಬಾಹುಗಳ ಎದುರು ಎತ್ತರದ ಬದಲು ವೇಗ ಇಟ್ಟ. ಸೆಟ್ಟರ್‌ನ ಬೆರಳಿಗೆ ಚೆಂಡು ತಾಗುವ ಮೊದಲೇ ಅಟ್ಯಾಕರ್ ಗಾಳಿಯಲ್ಲಿ. ಒಬ್ಬ ಹಾರಿದಂತೆ ಮಾಡುತ್ತಾನೆ, ಎದುರಿನ ಬ್ಲಾಕ್ (ನೆಟ್ ಬಳಿ ಕೈ ಎತ್ತಿ ತಡೆಯುವವರು) ಅವನ ಜೊತೆ ಏಳುತ್ತದೆ, ಅದು ಕೆಳಗಿಳಿಯುವ ಹೊತ್ತಿಗೆ ಇನ್ನೊಬ್ಬ ಹೊಡೆದಾಗಿರುತ್ತದೆ.

ಇಷ್ಟು ಹೇಳಿದ ಮೇಲೆ ಎರಡನೇ ಪ್ರಶ್ನೆ ಬಂದೇ ಬರುತ್ತದೆ: "ನಮ್ಮವರು ಯಾವತ್ತಾದರೂ ಗೆದ್ದಿದ್ದಾರಾ?" ಕೇಳುವ ಧಾಟಿಯೇ ಮೈ ಉರಿಸುತ್ತದೆ. ಗೆದ್ದಿದ್ದಾರೆ ಸ್ವಾಮಿ. ರಾಷ್ಟ್ರೀಯ ಫೆಡರೇಷನ್ ಹುಟ್ಟಿದ್ದು 1951ರಲ್ಲಿ. ಮರುವರ್ಷವೇ ಮಾಸ್ಕೋದ ವಿಶ್ವ ಚಾಂಪಿಯನ್‌ಷಿಪ್‌ಗೆ ಭಾರತ ಹೋಯಿತು, ಎಂಟನೆಯ ಸ್ಥಾನ ಪಡೆಯಿತು. 1956ರಲ್ಲಿ ಪ್ಯಾರಿಸ್‌ಗೂ ಹೋಯಿತು. ಏಷ್ಯನ್ ಗೇಮ್ಸ್‌ಗೆ ವಾಲಿಬಾಲ್ ಬಂದದ್ದು 1958ರ ಟೋಕಿಯೊದಲ್ಲಿ. ಆಗ ಎರಡು ಬಗೆಯ ಆಟ ಇತ್ತು: ನಾವು ಈಗ ಆಡುವ ಆರು ಜನರದ್ದು, ಮತ್ತು ಪೂರ್ವ ಏಷ್ಯಾದ ಕಡೆ ರೂಢಿಯಲ್ಲಿದ್ದ, ಆಟಗಾರರು ಸರದಿಯಂತೆ ಜಾಗ ಬದಲಿಸುವ ರೊಟೇಷನ್ ಇಲ್ಲದ ಒಂಬತ್ತು ಜನರದ್ದು. ಆರು ಜನರ ಆಟದಲ್ಲಿ ಜಪಾನ್, ಇರಾನ್, ನಂತರ ಭಾರತ. ನಾಲ್ಕು ವರ್ಷ ಬಿಟ್ಟು ಜಕಾರ್ತದಲ್ಲಿ ಜಪಾನ್‌ಗೆ ಚಿನ್ನ, ಭಾರತಕ್ಕೆ ಬೆಳ್ಳಿ, ಪಾಕಿಸ್ತಾನಕ್ಕೆ ಕಂಚು. ಎ. ಪಳನಿಸಾಮಿ, ನೃಪಜಿತ್ ಸಿಂಗ್ ಬೇಡಿ ಅವರಿಗೆಲ್ಲ ಅರ್ಜುನ ಪ್ರಶಸ್ತಿ ಬಂದದ್ದು ಆ ಕಾಲದಲ್ಲೇ.

ಆಮೇಲೆ 1986ರ ಸಿಯೋಲ್ ಏಷ್ಯನ್ ಗೇಮ್ಸ್. ಚೀನಾ, ದಕ್ಷಿಣ ಕೊರಿಯಾ, ಭಾರತ. ಜಪಾನ್ ಪದಕದ ಹೊರಗೆ. ಕೇರಳದ ಪೇರಾವೂರಿನ ಜಿಮ್ಮಿ ಜಾರ್ಜ್ ಆ ತಂಡದಲ್ಲಿದ್ದರು. ಅಷ್ಟು ಹೊತ್ತಿಗಾಗಲೇ ಇಟಲಿಯ ಕ್ಲಬ್‌ಗಳಲ್ಲಿ ಆಡಿ ಪಳಗಿದ್ದ ಮನುಷ್ಯ. ಮರುವರ್ಷ ನವೆಂಬರ್ 30ರಂದು ಇಟಲಿಯಲ್ಲೇ ರಸ್ತೆ ಅಪಘಾತದಲ್ಲಿ ತೀರಿಕೊಂಡರು, ವಯಸ್ಸು 32. ಏಷ್ಯನ್ ಗೇಮ್ಸ್‌ನಲ್ಲಿ ನಮ್ಮ ಪುರುಷರ ಕೊನೆಯ ವಾಲಿಬಾಲ್ ಪದಕ ಇವತ್ತಿಗೂ ಆ ಸಿಯೋಲ್‌ನ ಕಂಚೇ. ಈ ನಡುವೆ ನಮ್ಮ ಹುಡುಗರೇನು ಗಿಡ್ಡ ಆಗಲಿಲ್ಲವಲ್ಲ.

ಹಾಗಾದರೆ ಆದದ್ದೇನು? ಆಟ ಬದಲಾಯಿತು. ಹಳೆಯ ಪದ್ಧತಿಯಲ್ಲಿ ಸರ್ವಿಸ್ ಮಾಡುವವರಿಗೆ ಮಾತ್ರ ಅಂಕ. ಸರ್ವಿಸ್ ನಮ್ಮದಿದ್ದಾಗ ತಪ್ಪು ಮಾಡಿದರೆ ಹೋಗುತ್ತಿದ್ದದ್ದು ಸರ್ವಿಸ್ ಮಾತ್ರ, ಅಂಕ ಅಲ್ಲ. ಒಬ್ಬ ದೊಡ್ಡ ಸ್ಮ್ಯಾಶರ್ ಇದ್ದರೆ ಹತ್ತು ತಪ್ಪಿನ ನಡುವೆ ಹದಿನೈದು ಅಂಕ ಗಿಂಜಿಕೊಳ್ಳಬಹುದಿತ್ತು. 1998-99ರ ಹೊತ್ತಿಗೆ ಲಿಬೆರೊ ಬಂದ, ಜೊತೆಗೆ ರ್‍ಯಾಲಿ ಪಾಯಿಂಟ್ ಬಂತು. ಸೆಟ್ 25ಕ್ಕೆ, ಐದನೆಯದು 15ಕ್ಕೆ. ಪ್ರತಿ ತಪ್ಪಿಗೂ ಒಂದು ಅಂಕ ದಂಡ. ಅದಕ್ಕೂ ಸ್ವಲ್ಪ ಮೊದಲು, 90ರ ದಶಕದಲ್ಲೇ, ಬಲಮೂಲೆಯ ಮೂರು ಮೀಟರಿಗೆ ಸೀಮಿತವಾಗಿದ್ದ ಸರ್ವಿಸ್ ಜಾಗವನ್ನು ಪೂರ್ತಿ ಒಂಬತ್ತು ಮೀಟರಿಗೆ ಹಿಗ್ಗಿಸಿದ್ದರು. ಜಂಪ್ ಸರ್ವಿಸ್ ಆಯುಧವಾಯಿತು. ಅಂದರೆ ಆಟದ ತೂಕ ಸ್ಮ್ಯಾಶ್‌ನಿಂದ ಮೊದಲ ಚೆಂಡಿನ, ಅಂದರೆ ಎದುರಾಳಿಯ ಸರ್ವಿಸ್ ತೆಗೆಯುವುದರ, ಕಡೆಗೆ ಸರಿಯಿತು.

ನೀವು ಕೇಳಬೇಕಾಗಿದ್ದ ಪ್ರಶ್ನೆ ಇದು: "ನಮ್ಮ ತಂಡದಲ್ಲಿ ಮೊದಲ ಚೆಂಡು ಯಾರು ತಗೊಳ್ತಾರೆ?" ಇದುವರೆಗೆ ಒಬ್ಬರೂ ಕೇಳಿಲ್ಲ. ಕೇಳಿದ್ದರೆ ಕಾಫಿ ಕೊಡಿಸಿ ಗಂಟೆಗಟ್ಟಲೆ ಹೇಳುತ್ತಿದ್ದೆ. ಕೇಳದಿದ್ದರೂ ಹೇಳುತ್ತೇನೆ.

ಗಂಟೆಗೆ 120 ಕಿ.ಮೀ. ವೇಗದ ಜಂಪ್ ಸರ್ವಿಸ್ 18 ಮೀಟರ್ ಕೋರ್ಟ್ ದಾಟಲು ಅರ್ಧ ಸೆಕೆಂಡಿಗಿಂತ ತುಸು ಹೆಚ್ಚು ಸಮಯ ಸಾಕು. ಅದನ್ನು ಎದುರಿಸುವವರು ಸಾಮಾನ್ಯವಾಗಿ ಮೂವರು: ಲಿಬೆರೊ ಮತ್ತು ಇಬ್ಬರು ಔಟ್‌ಸೈಡ್ ಅಟ್ಯಾಕರ್‌ಗಳು. ಒಂಬತ್ತು ಮೀಟರ್ ಅಗಲವನ್ನು ಮೂವರೂ ಹಂಚಿಕೊಳ್ಳಬೇಕು. ಲಿಬೆರೊ ಗಟ್ಟಿಯಾಗಿದ್ದರೆ ಅವನ ಪಾಲು ನಾಲ್ಕು ಮೀಟರಿನಷ್ಟಾಗುತ್ತದೆ, ಉಳಿದವರು ಬದಿಗೆ ಸರಿಯುತ್ತಾರೆ. ಚೆಂಡು ಮುಟ್ಟಬೇಕಾದ ಜಾಗ ನೆಟ್‌ನಿಂದ ಅರ್ಧ-ಮುಕ್ಕಾಲು ಮೀಟರ್ ಹಿಂದೆ, ನಡುವಿಗಿಂತ ತುಸು ಬಲಕ್ಕೆ. ಅಲ್ಲಿಗೆ ಬಿದ್ದರೆ ಸೆಟ್ಟರ್‌ಗೆ ನಾಲ್ಕು ದಾರಿ: ನಡುವಿನ ಕ್ವಿಕ್ (ಗಿಡ್ಡಕ್ಕೆ ಎತ್ತಿಕೊಟ್ಟು ತಕ್ಷಣ ಹೊಡೆಸುವುದು), ಎಡಗಡೆ, ಬಲಗಡೆ, ಹಿಂದಿನ ಸಾಲಿನವನು ನಡುವಿನಿಂದ ಹಾರಿ ಹೊಡೆಯುವ ಪೈಪ್. ಎದುರಿನ ಬ್ಲಾಕರ್ ಯಾರ ಹಿಂದೆ ಓಡಬೇಕೆಂದು ತಿಳಿಯದೆ ಒಬ್ಬಂಟಿ ಏಳುತ್ತಾನೆ. ಅದೇ ಚೆಂಡು ನೆಟ್‌ನಿಂದ ಮೂರು ಮೀಟರ್ ದೂರ ಬಿತ್ತೋ, ಕ್ವಿಕ್ ಸತ್ತಂತೆ. ಉಳಿಯುವುದು ಎಡಮೂಲೆಗೆ ಒಂದು ಎತ್ತರದ ಚೆಂಡು. ಅದು ಮೇಲೆ ಹೋಗಿ ಇಳಿಯುವಷ್ಟರಲ್ಲಿ ಎದುರುಗಡೆ ಎರಡಲ್ಲ, ಮೂರು ಜನ ಕೈ ಎತ್ತಿ ನಿಂತಿರುತ್ತಾರೆ. ನಮ್ಮ ಹುಡುಗ ಆ ಗೋಡೆಗೆ ಹೊಡೆಯುತ್ತಾನೆ. ಟಿವಿ ಮುಂದೆ ಕೂತವರು ಅಂತಾರೆ: "ನೋಡಿದ್ರಾ, ಹೈಟ್ ಸಾಲಲಿಲ್ಲ."

ಹೈಟ್ ಅಲ್ಲರೀ, ಆ ಅಂಕ ಹೋದದ್ದು ಅದಕ್ಕೆ ಎರಡು ಸೆಕೆಂಡ್ ಮೊದಲು, ನಿಮ್ಮ ಕಣ್ಣು ಬೇರೆಲ್ಲೋ ಇದ್ದಾಗ.

ಮೊದಲ ಚೆಂಡು ಕೆಡುವ ಬಗೆಯೂ ಹೆಚ್ಚೇನಿಲ್ಲ. ಒಂದು, ಇಬ್ಬರ ನಡುವಿನ ಸಂದಿಗೆ ಚೆಂಡು ಬರುತ್ತದೆ, ನಂದಾ ನಿಂದಾ ಅನ್ನುವಷ್ಟರಲ್ಲಿ ನೆಲ ಮುಟ್ಟಿರುತ್ತದೆ. ಇದಕ್ಕೆ ಮದ್ದು ಮೊದಲೇ ಮಾಡಿಕೊಂಡ ಒಪ್ಪಂದ: ಮುಂದೆ ಬೀಳುವುದು ಯಾರದ್ದು, ಹಿಂದೆ ಹೋಗುವುದು ಯಾರದ್ದು ಎಂದು. ಇನ್ನೊಂದು, ಕಾಲು ಆಡದೆ ಕೈ ಮಾತ್ರ ಆಡುವುದು. ಚೆಂಡಿನ ಹಿಂದೆ ಹೋಗಿ ನಿಂತು ತೋಳು ಒಡ್ಡಬೇಕು, ನಿಂತಲ್ಲಿಂದ ತೋಳು ಬೀಸಿದರೆ ಅದು ಬೇಲಿ ದಾಟುತ್ತದೆ. ಫ್ಲೋಟ್ ಸರ್ವಿಸ್‌ಗೆ ಇನ್ನೊಂದು ರಗಳೆ. ಚೆಂಡು ತಿರುಗದೆ ಬರುತ್ತದೆ, ಕೊನೆಯ ಗಳಿಗೆಯಲ್ಲಿ ಗಾಳಿಯಲ್ಲಿ ಅತ್ತಿತ್ತ ಓಲಾಡುತ್ತದೆ. ಅಂತಾರಾಷ್ಟ್ರೀಯ ಪಂದ್ಯದ ಮಿಕಾಸಾ ಚೆಂಡಿನ ಮೈಮೇಲೆ ಸಣ್ಣ ಸಣ್ಣ ಗುಳಿಗಳಿವೆ, ಅದು ಓಲಾಡುವ ರೀತಿಯೇ ಬೇರೆ. ವರ್ಷವಿಡೀ ನಿವಿಯಾ, ಕಾಸ್ಕೋ ಚೆಂಡಿನಲ್ಲಿ ಆಡಿದವನ ಕಣ್ಣು ಅದಕ್ಕೆ ಹೊಂದಿಕೊಳ್ಳಲು ದಿನಗಳು ಬೇಕು. ಟೂರ್ನಿ ಅಷ್ಟರಲ್ಲಿ ಮುಗಿದಿರುತ್ತದೆ.

ಒಂದು ಸಣ್ಣ ಲೆಕ್ಕ. ಅಂಕ ಗೆದ್ದವರೇ ಮುಂದಿನ ಸರ್ವಿಸ್ ಮಾಡುವುದರಿಂದ, ಒಂದು ಸೆಟ್‌ನಲ್ಲಿ ಒಂದು ತಂಡ ಮಾಡುವ ಸರ್ವಿಸ್‌ಗಳ ಸಂಖ್ಯೆ ಅದು ಗಳಿಸಿದ ಅಂಕಕ್ಕೆ ಹತ್ತಿರದಲ್ಲೇ ಇರುತ್ತದೆ. ನಾವು 22-25ರಲ್ಲಿ ಸೋತೆವು ಎಂದುಕೊಳ್ಳಿ, ಎದುರಾಳಿಯಿಂದ ಸುಮಾರು 25 ಸರ್ವಿಸ್ ಬಂದಿರುತ್ತವೆ. ನಾಲ್ಕು ನೆಟ್ಟಿಗೋ ಔಟಿಗೋ ಹೋದರೆ ನಾವು ತೆಗೆದುಕೊಳ್ಳಬೇಕಾದ್ದು 21. ಅದರಲ್ಲಿ ಎರಡು ಚೆಂಡು ಸರಿಯಾದ ಜಾಗಕ್ಕೆ ಬಿದ್ದು, ಎರಡೂ ಅಂಕವಾಗಿದ್ದರೆ ಸೆಟ್ 24-23. ಅಷ್ಟು ತೆಳ್ಳಗಿನ ಗೆರೆ ಅದು.

ಆದರೆ ನಮ್ಮಲ್ಲಿ ಚೆಂಡು ತೆಗೆಯುವವನಿಗೆ ಬೆಲೆ ಎಲ್ಲಿದೆ? ಹೊನಲು ಬೆಳಕಿನ ಪಂದ್ಯಾಟದಲ್ಲಿ ಶಿಳ್ಳೆ ಬೀಳುವುದು ಸ್ಮ್ಯಾಶ್‌ಗೆ. ಸ್ಪೋರ್ಟ್ಸ್ ಕೋಟಾದ ಕೆಲಸಕ್ಕೆ ಕಣ್ಣಿಗೆ ಬೀಳುವವನೂ ಸ್ಮ್ಯಾಶರ್. ಅಂಗಳವೋ ಮಣ್ಣಿನದು, ಡೈವ್ ಹೊಡೆದರೆ ಮೊಣಕೈ ಸುಲಿಯುತ್ತದೆ, ಹಾಗಾಗಿ ಹುಡುಗರು ಡೈವ್ ಹೊಡೆಯುವುದನ್ನು ಕಲಿಯುವುದೇ ಇಲ್ಲ. ಹದಿನೆಂಟು ದಾಟಿದ ಮೇಲೆ ಕ್ಯಾಂಪಿನಲ್ಲಿ ಮೆತ್ತನೆಯ ಒಳಾಂಗಣ ನೆಲ ಸಿಕ್ಕರೂ ಮೈ ಆಗಲೇ ಹಟ ಹಿಡಿದಿರುತ್ತದೆ.

ಇನ್ನೊಂದು ಕಾರಣ ಪಂದ್ಯಗಳ ಸಂಖ್ಯೆ. ನೇಷನ್ಸ್ ಲೀಗ್‌ನಲ್ಲಿರುವ ತಂಡಕ್ಕೆ ಪ್ರತಿ ವರ್ಷ ಮೂರು ವಾರದಲ್ಲಿ ಕನಿಷ್ಠ 12 ಪಂದ್ಯ, ಎಲ್ಲವೂ ಜಗತ್ತಿನ ಅತ್ಯುತ್ತಮ ಸರ್ವಿಸ್‌ಗಳ ಎದುರು. ಭಾರತ ಅದರಲ್ಲಿ ಒಮ್ಮೆಯೂ ಆಡಿಲ್ಲ. ಶ್ರೇಯಾಂಕ ಲೆಕ್ಕ ಹಾಕುವುದೂ ಪಂದ್ಯಗಳ ಮೇಲೆಯೇ. ಆಡದಿದ್ದರೆ ಮೇಲೇರುವುದಿಲ್ಲ, ಮೇಲೇರದಿದ್ದರೆ ಆಡಲು ಕರೆಯುವುದಿಲ್ಲ. ಇದರ ಮೇಲೆ ನಮ್ಮ ಮನೆಜಗಳ ಬೇರೆ: 2016ರ ಡಿಸೆಂಬರಿನಲ್ಲಿ ಒಳಜಗಳದ ಕಾರಣಕ್ಕೆ ಅಂತಾರಾಷ್ಟ್ರೀಯ ಸಂಸ್ಥೆ ನಮ್ಮ ಫೆಡರೇಷನ್ನನ್ನೇ ಅಮಾನತು ಮಾಡಿತು. ಕುರ್ಚಿಗೆ ಕಿತ್ತಾಡಿದವರು ಯಾರೋ, ಮನೆಯಲ್ಲಿ ಕೂತವರು ಆಟಗಾರರು.

"ಲೀಗ್ ಬಂತಲ್ಲ, ಇನ್ನೇನು?" ಎಂದೂ ಕೇಳುತ್ತಾರೆ. ಪ್ರೈಮ್ ವಾಲಿಬಾಲ್ ಲೀಗ್ 2022ರಲ್ಲಿ ಶುರುವಾಯಿತು, ಒಳ್ಳೆಯದೇ ಆಯಿತು, ಹುಡುಗರ ಕೈಗೆ ಹಣ ಬಂತು. ಆದರೆ ಮೊದಲ ಆವೃತ್ತಿಗಳಲ್ಲಿ ಸೆಟ್ 15ಕ್ಕೇ ಮುಗಿಯುತ್ತಿತ್ತು. ಟಿವಿಗೆ ಚೆನ್ನ. ಆದರೆ ಅಂತಾರಾಷ್ಟ್ರೀಯ ಸೆಟ್‌ನಲ್ಲಿ ಉಸಿರು ಬಿಗಿಯಾಗುವುದೇ ಹದಿನೆಂಟರ ನಂತರ. 2023ರ ಡಿಸೆಂಬರಿನಲ್ಲಿ ಬೆಂಗಳೂರಿನ ಕೋರಮಂಗಲದಲ್ಲಿ ಕ್ಲಬ್ ವಿಶ್ವ ಚಾಂಪಿಯನ್‌ಷಿಪ್ ನಡೆದಾಗ ನಮ್ಮ ಲೀಗ್ ಗೆದ್ದ ಅಹಮದಾಬಾದ್ ಡಿಫೆಂಡರ್ಸ್ ಗುಂಪಿನ ಎರಡೂ ಪಂದ್ಯ ಸೋತಿತು. ಕಪ್ಪು ಇಟಲಿಯ ಪೆರೂಜಾಕ್ಕೆ ಹೋಯಿತು.

ಇರಾನ್ ಉದಾಹರಣೆ ಕೊಟ್ಟರೆ ಕೆಲವರಿಗೆ ಸಿಟ್ಟು ಬರುತ್ತದೆ, ಬರಲಿ. 1958ರಲ್ಲಿ ನಮ್ಮ ಪಕ್ಕದ ಮೆಟ್ಟಿಲಲ್ಲಿ ನಿಂತಿದ್ದ ತಂಡ ಅದು. 2003ರ ಕಿರಿಯರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ, ಥಾಯ್ಲೆಂಡ್‌ನಲ್ಲಿ, ಫೈನಲ್ ಆಡಿ ಬೆಳ್ಳಿ ಗೆದ್ದವರು ನಾವು. ಇರಾನ್ ಹುಡುಗರು ಅದೇ ಪಟ್ಟವನ್ನು 2007ರಲ್ಲಿ ಗೆದ್ದರು. ವ್ಯತ್ಯಾಸ ಅದರ ಮುಂದಿನ ಹೆಜ್ಜೆಯಲ್ಲಿದೆ. 2011ರಲ್ಲಿ ಅವರು ಹೂಲಿಯೊ ವೆಲಾಸ್ಕೊ ಎಂಬ ದೊಡ್ಡ ಕೋಚ್‌ನನ್ನು ಕರೆತಂದರು, ಆ ವರ್ಷವೇ ಮೊದಲ ಸಲ ಏಷ್ಯನ್ ಚಾಂಪಿಯನ್ ಆದರು, 2013ರಲ್ಲಿ ನೇಷನ್ಸ್ ಲೀಗ್‌ಗಿಂತ ಮೊದಲಿದ್ದ ವರ್ಲ್ಡ್ ಲೀಗ್‌ಗೆ ನುಗ್ಗಿದರು, 2014ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಆರನೆಯವರಾದರು, 2016ರಲ್ಲಿ ರಿಯೊ ಒಲಿಂಪಿಕ್ಸ್ ಆಡಿದರು. ಇಂಥ ಇರಾನ್‌ಗೂ 2024ರ ಪ್ಯಾರಿಸ್‌ನಲ್ಲಿ ಜಾಗ ಸಿಗಲಿಲ್ಲ. ಇರುವುದೇ ಹನ್ನೆರಡು ಕುರ್ಚಿ, ಏಷ್ಯಾದಿಂದ ಅಲ್ಲಿ ಕೂತದ್ದು ಜಪಾನ್ ಒಂದೇ. ದಕ್ಷಿಣ ಕೊರಿಯಾದ ಪುರುಷರು ಕೊನೆಯದಾಗಿ ಒಲಿಂಪಿಕ್ಸ್ ಆಡಿದ್ದು 2000ದಲ್ಲಿ. "ಯಾಕೆ ಹೋಗಲ್ಲ" ಎಂದು ಬಸ್ ತಪ್ಪಿಸಿಕೊಂಡವರನ್ನು ಕೇಳುವ ಹಾಗೆ ಕೇಳಬೇಡಿ.

ಕೊರಿಯಾ ಅಂದಾಗ ನೆನಪಾಯಿತು, 2023ರ ಸೆಪ್ಟೆಂಬರ್ 20. ಹಾಂಗ್‌ಝೌ ಏಷ್ಯನ್ ಗೇಮ್ಸ್‌ನ ಉದ್ಘಾಟನೆ ಕೂಡ ಆಗಿರಲಿಲ್ಲ, ಆದ್ದರಿಂದಲೇ ಹೆಚ್ಚಿನವರು ನೋಡಲೂ ಇಲ್ಲ. ಎದುರಿಗೆ ಹಿಂದಿನ ಸಲದ ಬೆಳ್ಳಿ ವಿಜೇತ ಕೊರಿಯಾ. 25-27, 29-27, 25-22, 20-25, 17-15. ವಿನಿತ್ ಕುಮಾರ್ ನಾಯಕತ್ವದ ಭಾರತಕ್ಕೆ ಗೆಲುವು, ತಂಡದಲ್ಲಿ ಅಶ್ವಲ್ ರೈ ಕೂಡ ಇದ್ದರು. ಆಮೇಲೆ ಚೈನೀಸ್ ತೈಪೆಯನ್ನು ನೇರ ಸೆಟ್‌ಗಳಲ್ಲಿ ಸೋಲಿಸಿ ಕ್ವಾರ್ಟರ್ ಫೈನಲ್‌ಗೆ. ಅಲ್ಲಿ ಜಪಾನ್ ಮೂರು ಸೆಟ್‌ನಲ್ಲಿ ಮನೆಗೆ ಕಳಿಸಿತು. ಅದೂ ಜಪಾನಿನ ಮೊದಲ ತಂಡವಲ್ಲ. ಇಶಿಕಾವಾ ಮತ್ತಿತರರು ಒಲಿಂಪಿಕ್ ಅರ್ಹತಾ ಟೂರ್ನಿಗೆ ಊರಲ್ಲೇ ತಯಾರಾಗುತ್ತಿದ್ದರು.

ಸೆಪ್ಟೆಂಬರ್ 26ಕ್ಕೆ ಐದನೇ ಸ್ಥಾನದ ಪಂದ್ಯ, ಪಾಕಿಸ್ತಾನದ ಎದುರು. 21-25, 20-25, 23-25. ಅದೇ ಗೋಧಿ, ಅದೇ ಬೇಳೆ, ಅದೇ ಪಂಜಾಬಿನ ಮೈಕಟ್ಟು. ಅವರು ಕರೆತಂದದ್ದು ಬ್ರೆಜಿಲ್‌ನ ಕೋಚ್‌ನನ್ನು. ಈ ಮೂರು ಸೆಟ್‌ನ ವಿಡಿಯೊ ಸಿಕ್ಕರೆ ಹಾಕಿ ನೋಡಿ, ಆದರೆ ಸ್ಮ್ಯಾಶ್ ಹೊಡೆಯುವವನನ್ನು ಬಿಟ್ಟು ನಮ್ಮ ಹಿಂದಿನ ಸಾಲಿನ ಮೂವರ ಕಾಲು ಮಾತ್ರ ನೋಡಿ. ನೋಡಿ ಮುಗಿದ ಮೇಲೆ ಬನ್ನಿ, ಕಾಫಿ ನನ್ನದು.