ಬೋರ್ಡಿನ ಪೋರ್ಟೋ, ಬೇರೆ ಕಾರ್ಡೋ?

ನಮ್ಮ ಮನೆಯ ಫೈಬರ್ ಸಂಪರ್ಕ 200 ಎಂಬಿಪಿಎಸ್ ವೇಗದ್ದು. ಮೊಬೈಲಿನಲ್ಲಿ ವೈ-ಫೈ ಮೂಲಕ ಅಷ್ಟೂ ವೇಗ ಸಿಗುತ್ತಿದ್ದರೂ, ಕೇಬಲ್ ಸಿಕ್ಕಿಸಿದ ಡೆಸ್ಕ್‌ಟಾಪಿನಲ್ಲಿ ಮಾತ್ರ ಎಷ್ಟು ಸಲ ಅಳೆದರೂ ಅದು 94ನ್ನು ದಾಟುತ್ತಿರಲಿಲ್ಲ. ಮದರ್‌ಬೋರ್ಡಿನಲ್ಲೇ (ಕಂಪ್ಯೂಟರಿನ ಮುಖ್ಯ ಫಲಕದಲ್ಲೇ) ಇರುವ, ಕೇಬಲ್ ಸಿಕ್ಕಿಸುವ ಲ್ಯಾನ್ ಪೋರ್ಟ್ ಹಳತಾಗಿದೆ, ಬೇರೆ ಕಾರ್ಡ್ ಹಾಕಿದರೆ ಸರಿಹೋಗುತ್ತದೆ ಎಂದು ಅಂಗಡಿಯವರು ಹೇಳಿದಾಗ, ನಾನೂ ಹೆಚ್ಚು ಯೋಚಿಸದೆ ಬೋರ್ಡಿನ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿಗೆ ಕೂರುವ ಗಿಗಾಬಿಟ್ (1000 ಎಂಬಿಪಿಎಸ್) ಕಾರ್ಡೊಂದನ್ನು ಕೊಂಡುತಂದೆ. ಕೂರಿಸಿ ಅಳೆದರೆ ಮತ್ತೆ ಅದೇ 94.

ಆ ಸಂಖ್ಯೆಯೇ ನನ್ನನ್ನು ಮೊದಲು ಎಚ್ಚರಿಸಬೇಕಿತ್ತು. 100 ಎಂಬಿಪಿಎಸ್ ಈಥರ್ನೆಟ್ಟಿನಲ್ಲಿ (ಕೇಬಲ್ ಸಂಪರ್ಕದಲ್ಲಿ) ಮಾಹಿತಿಯ ಪ್ರತಿ ಪ್ಯಾಕೆಟ್ಟೂ ಹೊತ್ತು ಸಾಗುವ ವಿಳಾಸ ಇತ್ಯಾದಿಗಳನ್ನು ಕಳೆದರೆ ನಮ್ಮ ಪಾಲಿಗೆ ಉಳಿಯುವುದು ಸುಮಾರು ಅಷ್ಟೇ. ಗಿಗಾಬಿಟ್ಟಿಗೆ ಕೇಬಲಿನ ಎಂಟೂ ತಂತಿಗಳು ಬೇಕು. 100ಕ್ಕಾದರೆ ಕಿತ್ತಳೆ ಮತ್ತು ಹಸಿರು ಜೋಡಿಗಳ ನಾಲ್ಕು ತಂತಿಗಳೇ ಸಾಕು. ನಮ್ಮಲ್ಲಿ ಕೇಬಲಿನ ತುದಿಗೆ ಕನೆಕ್ಟರ್ ಕ್ರಿಂಪ್ ಮಾಡುವಾಗ (ಒತ್ತಿ ಕೂರಿಸುವಾಗ) ನೀಲಿ ತಂತಿಯೊಂದು ಪಿನ್ನಿನವರೆಗೆ ತಲುಪಿರಲಿಲ್ಲವಾದ್ದರಿಂದ, ಎರಡೂ ತುದಿಯ ಉಪಕರಣಗಳು ಸದ್ದಿಲ್ಲದೆ 100ಕ್ಕೆ ಇಳಿದಿದ್ದವು. ಹೊಸ ಕನೆಕ್ಟರ್ ಹಾಕಿಸಿ, ಕೇಬಲನ್ನು ಬೋರ್ಡಿನ ಹಳೆಯ ಪೋರ್ಟಿಗೇ ಸಿಕ್ಕಿಸಿದಾಗ ಪೂರ್ತಿ ವೇಗ ಬಂದಿತು. ಕಾರ್ಡು ಡಬ್ಬಿಗೆ ಮರಳಿತು.

ಬೋರ್ಡಿನ ಪೋರ್ಟ್ ಗಿಗಾಬಿಟ್ಟಿನದೇ ಆಗಿದ್ದರೆ, ಅದೇ ವೇಗದ ಮತ್ತೊಂದು ಕಾರ್ಡಿನಿಂದ ಮನೆಬಳಕೆಗೆ ಯಾವ ಲಾಭವೂ ಇಲ್ಲವೆಂಬುದು ಈಗ ನನ್ನ ಖಚಿತ ಅಭಿಪ್ರಾಯ. ಪೋರ್ಟೇ ಇಲ್ಲದ ಲ್ಯಾಪ್‌ಟಾಪಿಗೆ ಯುಎಸ್‌ಬಿ ಅಡಾಪ್ಟರ್ ಕೊಳ್ಳುವುದಾದರೆ ಮಾತ್ರ ಅದು 3.0 ಹೌದೇ ಎಂದು ನೋಡಿಕೊಳ್ಳಬೇಕು, 2.0ರ ಹಾದಿಯೇ 480 ಎಂಬಿಪಿಎಸ್ ಆಗಿರುವಾಗ ಡಬ್ಬಿಯ ಮೇಲೆ ಗಿಗಾಬಿಟ್ ಎಂದು ಬರೆದಿದ್ದರೂ ಪ್ರಯೋಜನವಿಲ್ಲ. ಡೆಸ್ಕ್‌ಟಾಪಿನ ಹಿಂಬದಿಗೆ ಚುಚ್ಚುವ ಪುಟ್ಟ ವೈ-ಫೈ ಡಾಂಗಲ್ ನನಗೆ ಎಂದೂ ಹಿಡಿಸಿಲ್ಲ. ಕ್ಯಾಬಿನೆಟ್ಟಿನ ಲೋಹ ಸಿಗ್ನಲ್ಲಿಗೆ ಅಡ್ಡ ಬರುವುದಲ್ಲದೆ, ಪಕ್ಕದ ಯುಎಸ್‌ಬಿ 3.0 ಸಾಧನಗಳು 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಗದ್ದಲವೆಬ್ಬಿಸುತ್ತವೆ. ಅದರ ಬದಲು ಹೊರಗೆ ಆಂಟೆನಾ ಚಾಚುವ ಕಾರ್ಡೇ ಮೇಲು.

ಡಬ್ಬಿ ಸೇರಿದ ಕಾರ್ಡು ಮರುವರ್ಷದ ಏಪ್ರಿಲ್‌ನಲ್ಲಿ ಹೊರಬಂದಿತು. ಗುಡುಗು ಸಿಡಿಲಿನ ಒಂದು ಸಂಜೆ ರೂಟರಿನೊಂದಿಗೆ ಬೋರ್ಡಿನ ಪೋರ್ಟೂ ಸುಟ್ಟುಹೋಯಿತು. ಫೈಬರಿನ ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲವಾದ್ದರಿಂದ, ಸಿಡಿಲಿನ ಹೊಡೆತ ರೂಟರಿನ ಪವರ್ ಅಡಾಪ್ಟರ್ ಮೂಲಕ ನುಗ್ಗಿ, ತಾಮ್ರದ ಲ್ಯಾನ್ ಕೇಬಲನ್ನು ಹಿಡಿದು ಬಂದಿರಬೇಕು. ಪುಣ್ಯಕ್ಕೆ ಬೋರ್ಡಿನ ಉಳಿದ ಭಾಗಕ್ಕೆ ಏನೂ ಆಗಿರಲಿಲ್ಲ. ಅಂದಿನಿಂದ ಡೆಸ್ಕ್‌ಟಾಪ್ ನಡೆಯುತ್ತಿರುವುದು ಆ ಕಾರ್ಡಿನಿಂದಲೇ. ಗುಡುಗು ಕೇಳಿಸಿದೊಡನೆ ಪವರ್ ಪ್ಲಗ್ಗಿನ ಜೊತೆಗೆ ಲ್ಯಾನ್ ಕೇಬಲನ್ನೂ ಕಿತ್ತಿಡುತ್ತೇನೆ.